ಸಾಕ್ಷಿಗೆ ಸಂಸಾರ ಬಂದಾಗ

ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಬಾಯಿ ಬಿಡುವುದಿಲ್ಲ. ಚೌಕಳಿ ಕೋಟು, ಪಂಚೆ, ಕನ್ನಡಕ. ಮಂತ್ರಿಯ ಕೋಣೆಯಲ್ಲೂ ಇರುತ್ತಾನೆ, ಬೀದಿಯಲ್ಲೂ ಇರುತ್ತಾನೆ, ನೋಡುತ್ತಾನೆ, ಅಷ್ಟೆ. ಮಧುಗಿರಿಯ ನಮ್ಮ ಗೋಷ್ಠಿಯಲ್ಲಿ ಮುಂಡಕೋಪನಿಷತ್ತಿನ ಎರಡು ಹಕ್ಕಿಗಳ ಪಾಠ ಬಂದಾಗಲೆಲ್ಲ ನಾನು ಇವನನ್ನೇ ಎಳೆದು ತರುತ್ತೇನೆ. ಒಂದೇ ಮರದಲ್ಲಿ ಒಂದು ಹಕ್ಕಿ ಹಣ್ಣು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ. ಗೋಷ್ಠಿಯ ಹಿರಿಯರಾದ ಶಾಸ್ತ್ರಿಗಳಿಗೆ ಇದು ಸೇರುವುದಿಲ್ಲ. ಪೇಪರಿನ ವ್ಯಂಗ್ಯಚಿತ್ರಕ್ಕೂ ಆತ್ಮಕ್ಕೂ ಎಲ್ಲಿಯ ನೆಂಟಸ್ತಿಕೆ ಮೇಷ್ಟ್ರೇ ಅಂತಾರೆ.

ಮೈಸೂರಿನ ಲಕ್ಷ್ಮಣರು ಗೀಚಿದ ಈ ಲೋಕವನ್ನೇ ಹಿಡಿದು 1988ರಲ್ಲಿ ದೂರದರ್ಶನಕ್ಕೆ ‘ವಾಗ್ಲೆ ಕಿ ದುನಿಯಾ’ ಬಂತು. ನಿರ್ದೇಶನ ಕುಂದನ್ ಶಾ ಅವರದು. ತೊಡಕು ಅಲ್ಲೇ ಶುರು. ಸುಮ್ಮನೆ ನಿಂತು ನೋಡುವವನನ್ನು ಇಟ್ಟುಕೊಂಡು ಧಾರಾವಾಹಿ ನಡೆಸಲಾಗದು. ಮೈ ಬಂದಮೇಲೆ ಹೆಸರು ಬೇಕು, ಹೆಂಡತಿ ಬೇಕು, ತಿಂಗಳ ಸಂಬಳ ಬೇಕು. ಅಂಜನ್ ಶ್ರೀವಾಸ್ತವ ಗುಮಾಸ್ತ ವಾಗ್ಲೆಯಾದರು, ಭಾರತಿ ಆಚ್ರೇಕರ್ ರಾಧಿಕಾ ಆದರು. ಮಾತಾಡಿದವನು ಕರ್ತೃವಾದ, ಕರ್ತೃವಾದಮೇಲೆ ಫಲವೂ ಅವನ ತಲೆಗೇ.

ನಮ್ಮ ಸೀಮೆಯ ತೊಗಲುಗೊಂಬೆಯವರು ಮೈ ಕೊಡುವ ಗೋಜಿಗೇ ಹೋಗಲಿಲ್ಲ. ರಾಮಾಯಣದ ನಡುವೆ ಹಾಸ್ಯದ ಗೊಂಬೆಗಳಾದ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಜಗಳಕ್ಕೆ ನಿಂತರೆ ಆಡಬಾರದ್ದನ್ನೆಲ್ಲ ಆಡುತ್ತಾರೆ. ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದ ನಮ್ಮಜ್ಜಿ ಅದೇ ಮಾತನ್ನು ಪಕ್ಕದ ಮನೆಯವನು ಜಗಲಿ ಮೇಲೆ ಆಡಿದ್ದರೆ ಪಂಚಾಯ್ತಿ ಕೂರಿಸುತ್ತಿದ್ದಳು. ತೊಗಲಿಗೆ ಕರ್ಮ ಅಂಟುವುದಿಲ್ಲ, ಮನುಷ್ಯನಿಗೆ ಅಂಟುತ್ತದೆ.

ಹಾಗಾದರೆ ಗೆರೆಯಿಂದ ಮೈಗೆ ಇಳಿದದ್ದು ಪತನವೇ? ಶಾಸ್ತ್ರಿಗಳು ಹೌದೆಂದರು. ನಾನು ಒಪ್ಪಲಿಲ್ಲ. ತಿನ್ನುವ ಹಕ್ಕಿ ಇಲ್ಲದಿದ್ದರೆ ನೋಡುವ ಹಕ್ಕಿಗೆ ನೋಡುವುದಕ್ಕಾದರೂ ಏನಿತ್ತು? ವಾಗ್ಲೆಯ ಪರದಾಟ ಎಲ್ಲ ಸಣ್ಣ ಸಣ್ಣವು, ನಮ್ಮವೇ. ವ್ಯಂಗ್ಯಚಿತ್ರ ನೋಡಿ ನಾವು ನಗುವುದು ಮಂತ್ರಿಗಳನ್ನು ಕಂಡು. ವಾಗ್ಲೆಯನ್ನು ನೋಡಿ ನಕ್ಕದ್ದು ನಮ್ಮನ್ನೇ ಕಂಡು. ಉಪನಿಷತ್ತು ಬಯಸಿದ್ದೂ ತಿನ್ನುವ ಹಕ್ಕಿ ಒಮ್ಮೆ ತಲೆಯೆತ್ತಿ ನೋಡಲಿ ಎಂದೇ ಅಲ್ಲವೇ?

2021ರಲ್ಲಿ ಸೋನಿ ಸಬ್ ವಾಹಿನಿಯಲ್ಲಿ ವಾಗ್ಲೆ ಮತ್ತೆ ಬಂದ. ಅದೇ ಅಂಜನ್ ಶ್ರೀವಾಸ್ತವ, ಆದರೆ ಈಗ ತಾತ. ಸಂಸಾರದ ನೊಗ ಮಗನ ಹೆಗಲಿಗೆ. ಲಕ್ಷ್ಮಣ್ 2015ರಲ್ಲೇ ತೀರಿಕೊಂಡಿದ್ದರು. ಅವರ ಶ್ರೀಸಾಮಾನ್ಯನಿಗೆ ಇಂದಿಗೂ ವಯಸ್ಸಾಗಿಲ್ಲ. ಇಬ್ಬರಲ್ಲಿ ಯಾರಿಗೆ ಕೈಮುಗಿಯುತ್ತೀರಿ ಎಂದು ಶಾಸ್ತ್ರಿಗಳು ಕೇಳಿದರೆ, ನನ್ನ ಓಟು ವಾಗ್ಲೆಗೆ.