ಬಳುಕುವ ಕೋಲೇ ಬೇಕು

ಗಾಳದ ಅಂಗಡಿಗೆ ಹೋದವರು ರಾಡ್ ಎತ್ತಿಕೊಂಡ ಕೂಡಲೇ ಗಾಳಿಯಲ್ಲಿ ಒಮ್ಮೆ ಝಳಪಿಸಿ ನೋಡುತ್ತಾರೆ. ಕೈಗೆ ಹಗುರಾಗಿದ್ದು, ಝಳಪಿಸಿದ ಮರುಕ್ಷಣ ತುದಿ ಅಲುಗದೆ ನಿಂತರೆ ಅದೇ ಒಳ್ಳೆಯ ರಾಡ್ ಎಂಬ ತೀರ್ಮಾನ. ಬೆಲೆಯೂ ಅದಕ್ಕೇ ಹೆಚ್ಚು. ಆದರೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಾಸ್ ಮೀನಿಗೆ ಗಾಳ ಹಾಕುವವರಿಗೆ ಒಂದು ಕೆಲಸದ ಮಟ್ಟಿಗೆ ಈ ಲೆಕ್ಕ ಸರಿಹೋಗುವುದಿಲ್ಲ. ಮೊಣಕಾಲುಮಟ್ಟದಿಂದ ಎದೆಮಟ್ಟದವರೆಗಿನ ನೀರಿನಲ್ಲಿ ಕ್ರ್ಯಾಂಕ್‌ಬೇಟ್ ಎಸೆಯಬೇಕಾದಾಗ ಅವರಲ್ಲಿ ಪಳಗಿದವರು ತುಸು ತೂಕದ, ಸಾವಕಾಶದ, ನಡುವಿನವರೆಗೂ ಬಳುಕುವ ರಾಡನ್ನು ಹುಡುಕುತ್ತಾರೆ. ಅಂಗಡಿಯಲ್ಲಿ ಝಳಪಿಸಿದರೆ ಅದು ಸತ್ವವಿಲ್ಲದ್ದು ಎನಿಸುತ್ತದೆ. ನೀರಿನ ಮೇಲೆ ಅದರ ಗುಣ ಗೊತ್ತಾಗುತ್ತದೆ.

ಕ್ರ್ಯಾಂಕ್‌ಬೇಟ್ ಎಂದರೆ ಮರದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಮಾಡಿದ ಹೆಬ್ಬೆರಳುಗಾತ್ರದ ಹುಸಿಮೀನು. ಸುಮ್ಮನೆ ಬಿಟ್ಟರೆ ತೇಲುತ್ತದೆ. ರೀಲ್ ಸುತ್ತಿ ಎಳೆದರೆ ಬಾಯಿಯ ಕೆಳಗಿನ ತಟ್ಟೆ ನೀರನ್ನು ಒತ್ತಿ ಅದನ್ನು ಕೆಳಕ್ಕೆ ಮುಳುಗಿಸುತ್ತದೆ, ಮೈಯನ್ನು ಎಡಕ್ಕೂ ಬಲಕ್ಕೂ ಕುಲುಕಿಸುತ್ತದೆ. ತಟ್ಟೆ ಉದ್ದವಿದ್ದರೆ ಆಳಕ್ಕೆ ಹೋಗುತ್ತದೆ. ಚೌಕಮೂತಿಯ ಮೋಟು ತಟ್ಟೆಯದಾದರೆ ಮೂರು ಅಡಿ, ಹೆಚ್ಚೆಂದರೆ ಐದು ಅಡಿ. ಹೊಟ್ಟೆಯ ಕೆಳಗೊಂದು, ಬಾಲದಲ್ಲೊಂದು ಮೂರು ಮೊನೆಯ ಕೊಕ್ಕೆ ನೇತಾಡುತ್ತಿರುತ್ತವೆ. ತೂಕ ಸಾಮಾನ್ಯವಾಗಿ ಏಳು ಗ್ರಾಮಿನಿಂದ ಹದಿನೆಂಟು ಗ್ರಾಮಿನವರೆಗೆ.

ಈ ಚೌಕಮೂತಿಯ ಕಥೆಯಲ್ಲಿ ಟೆನೆಸ್ಸೀ ರಾಜ್ಯದ ಫ್ರೆಡ್ ಯಂಗ್ ಅವರ ಹೆಸರು ಬಾರದೆ ಇರದು. ಬಾಲ್ಸಾ ಎಂಬ ಹಗುರ ಮರವನ್ನು ಕೈಯಲ್ಲೇ ಕೆತ್ತಿ ಅವರು ಮಾಡಿದ ಗುಂಡುಮೈಯ ಹುಸಿಮೀನಿಗೆ ಬಿಗ್ ಓ ಎಂದು ಹೆಸರಾಯಿತು. ಅದು ಸಿಗುವುದೇ ದುರ್ಲಭವಾಗಿತ್ತು. ಸ್ಪರ್ಧೆಗೆ ಇಳಿಯುವವರು ದಿನಬಾಡಿಗೆ ಕೊಟ್ಟು ತಂದು ಬಳಸುತ್ತಿದ್ದರು ಎಂದು ಆ ಕಡೆಯ ಹಳಬರು ಈಗಲೂ ಹೇಳುತ್ತಾರೆ. 1970ರ ದಶಕದ ಮೊದಲ ವರ್ಷಗಳಲ್ಲಿ ಹುಸಿಮೀನು ತಯಾರಕ ಕಾಟನ್ ಕಾರ್ಡೆಲ್ ಅದನ್ನು ಪ್ಲಾಸ್ಟಿಕ್ಕಿನಲ್ಲಿ ತಯಾರಿಸಿದ ಮೇಲೆ ಎಲ್ಲರ ಪೆಟ್ಟಿಗೆಗೂ ಬಂತು.

ಅದೇ ಹೊತ್ತಿಗೆ ರಾಡಿನ ಲೋಕವೂ ಬದಲಾಗುತ್ತಿತ್ತು. ಮೊದಲು ಸೀಳುಬಿದಿರಿನ ಕೋಲುಗಳಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಫೈಬರ್‌ಗ್ಲಾಸ್, ಅಂದರೆ ಗಾಜಿನ ನಾರಿನ ರಾಡುಗಳು ಬಂದವು. 1970ರ ದಶಕದಲ್ಲಿ ಫೆನ್‌ವಿಕ್ ಕಂಪನಿ ಗ್ರ್ಯಾಫೈಟ್ ರಾಡ್ ತಂದಾಗ ಗಾಜಿನ ರಾಡುಗಳ ಕಾಲ ಮುಗಿಯಿತೆಂದೇ ಹಲವರು ಭಾವಿಸಿದರು. ಗ್ರ್ಯಾಫೈಟ್ ಹಗುರ, ಬಿರುಸು. ನೀರಿನಡಿ ಗಾಳ ಒಂದು ಕಲ್ಲಿಗೆ ತಾಗಿದರೂ ಅಂಗೈಗೆ ಸುದ್ದಿ ಮುಟ್ಟಿಸುತ್ತದೆ. ರಬ್ಬರ್ ಹುಳು ಕಟ್ಟಿ, ಒಂಟಿ ದಪ್ಪ ಕೊಕ್ಕೆಯನ್ನು ಕಳೆಗಿಡಗಳ ನಡುವೆ ಇಳಿಬಿಟ್ಟು, ಮೀನು ಕಚ್ಚಿದ್ದೇ ತಡ ಜಗ್ಗಬೇಕಾದ ಕೆಲಸಕ್ಕೆ ಅದನ್ನು ಮೀರಿಸಿದ್ದು ಇಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕ್ರ್ಯಾಂಕ್‌ಬೇಟಿನಲ್ಲಿ ಮಾತ್ರ ಆ ಚುರುಕುತನ ಮೀನನ್ನು ಕಳೆಯುತ್ತದೆ. ಕಾರಣ ಮೀನಿನ ಬಾಯಲ್ಲಿದೆ. ಬಾಸ್ ತನ್ನ ಬೇಟೆಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುವುದಿಲ್ಲ. ಹತ್ತಿರ ಬಂದು ದೊಡ್ಡ ಬಾಯನ್ನು ಒಮ್ಮೆಗೇ ತೆರೆಯುತ್ತದೆ. ಒಳನುಗ್ಗುವ ನೀರಿನ ಜೊತೆ ಬೇಟೆಯೂ ಒಳಗೆ ಹೋಗುತ್ತದೆ. ನಾವು ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಮುಗಿದಿರುತ್ತದೆ. ಆ ಗಳಿಗೆಯಲ್ಲಿ ದಾರ ಬಿಗಿಯಾಗಿದ್ದು, ರಾಡು ಒಂದಿಷ್ಟೂ ಬಾಗದೆ ನಿಂತರೆ ಒಳಹೋಗಬೇಕಾದ ಹುಸಿಮೀನು ತುಟಿಯ ಬಳಿಯೇ ತಡೆದು ನಿಲ್ಲುತ್ತದೆ. ಕೊಕ್ಕೆ ತೊಗಲಿಗಷ್ಟೇ ತಾಗುತ್ತದೆ. ರಾಡು ಬಳುಕಿದರೆ ಆ ಒಂದು ಗೇಣಿನ ಸಡಿಲು ಸಿಗುತ್ತದೆ. ಮೀನು ಹುಸಿಮೀನನ್ನು ಪೂರ್ತಿ ಒಳಗೆಳೆದುಕೊಂಡು ತಿರುಗುತ್ತದೆ, ತಿರುಗುವ ಆ ರಭಸದಲ್ಲೇ ಕೊಕ್ಕೆ ನಾಟುತ್ತದೆ.

ನಾಟಿದ ಮೇಲೂ ಕೆಲಸ ಅರ್ಧ ಮಾತ್ರ. ಮೂರು ಮೊನೆಯ ಈ ಕೊಕ್ಕೆಗಳ ತಂತಿ ತೆಳು, ಹಿಡಿತ ಆಳವಿಲ್ಲ. ಕಡಿಮೆ ನೀರಿನಲ್ಲಿ ಸಿಕ್ಕಿಬಿದ್ದ ಬಾಸ್ ಕೆಳಗಿಳಿಯಲು ಜಾಗವಿಲ್ಲದೆ ಮೇಲಕ್ಕೆ ಹಾರುತ್ತದೆ. ಗಾಳಿಯಲ್ಲಿ ಬಾಯಿ ಬಿಟ್ಟು ತಲೆ ಕೊಡವುತ್ತದೆ. ಬಾಯ ಹೊರಗೆ ನೇತಾಡುವ ಹುಸಿಮೀನಿನ ತೂಕವೇ ಆಗ ಕೊಕ್ಕೆಯನ್ನು ಕೀಳುವ ಸನ್ನೆಗೋಲಾಗುತ್ತದೆ. ಬಿರುಸಾದ ರಾಡಿನಲ್ಲಿ ಪ್ರತಿ ಕೊಡವಿಗೂ ದಾರ ಒಮ್ಮೆ ಬಿಗಿದು ಒಮ್ಮೆ ಸಡಿಲಾಗುತ್ತದೆ. ಸಡಿಲಾದ ಒಂದು ಕ್ಷಣ ಸಾಕು, ಮೀನು ಹೋಯಿತು. ಬಳುಕುವ ರಾಡು ಬಾಗಿಯೇ ಇದ್ದು ಮೀನು ಹೋದತ್ತ ಹೋಗುತ್ತದೆ, ಬಂದತ್ತ ಬರುತ್ತದೆ. ದಾರದ ಬಿಗಿ ತಪ್ಪುವುದಿಲ್ಲ.

ಇದನ್ನು ಬಿಡದೆ ಪಾಲಿಸಿದವರಲ್ಲಿ ಟೆಕ್ಸಾಸ್ ಮೂಲದ ರಿಕ್ ಕ್ಲನ್ ದೊಡ್ಡವರು. ಬಾಸ್ ಹಿಡಿಯುವವರ ಅತಿ ದೊಡ್ಡ ಸ್ಪರ್ಧೆಯಾದ ಬಾಸ್‌ಮಾಸ್ಟರ್ ಕ್ಲಾಸಿಕ್ಕನ್ನು ಅವರು 1976, 1977, 1984 ಮತ್ತು 1990ರಲ್ಲಿ, ಒಟ್ಟು ನಾಲ್ಕು ಸಲ ಗೆದ್ದರು. ಊರೆಲ್ಲ ಗ್ರ್ಯಾಫೈಟಿನ ಹಿಂದೆ ಬಿದ್ದಾಗಲೂ ಕ್ರ್ಯಾಂಕ್‌ಬೇಟಿಗೆ ಬಳುಕುವ ಗಾಜಿನ ರಾಡೇ ಸರಿ ಎಂದು ಹಿಡಿದ ಪಟ್ಟು ಬಿಡಲಿಲ್ಲ. ಇಂದು ಹಲವು ಕಂಪನಿಗಳು ಕ್ರ್ಯಾಂಕ್‌ಬೇಟಿಗೆಂದೇ ಗಾಜಿನ ಅಥವಾ ಗಾಜು–ಗ್ರ್ಯಾಫೈಟ್ ಬೆರಕೆಯ ರಾಡ್ ತಯಾರಿಸುತ್ತವೆ. ಹೊಸದೊಂದು ಬಂತೆಂದರೆ ಹಳೆಯದರ ಎಲ್ಲ ಕೆಲಸವನ್ನೂ ಅದು ಮಾಡಿಬಿಡುತ್ತದೆ ಎಂದು ನಂಬುವುದು ನಮಗೆ ಸುಲಭ. ಯಾವ ಕೆಲಸ ಎಂದು ಕೇಳದೆ ‘ಒಳ್ಳೆಯ ರಾಡ್ ಯಾವುದು’ ಎಂದು ಕೇಳುವುದೇ ತಪ್ಪು ಪ್ರಶ್ನೆ ಎಂದು ಕ್ಲನ್ ಅವರ ಹಟವನ್ನು ನೋಡಿದಾಗ ನನಗೆ ಮತ್ತೆ ಮತ್ತೆ ಅನಿಸುತ್ತದೆ.

ಇನ್ನು ಕಡಿಮೆ ನೀರಿನ ವಿಶೇಷಕ್ಕೆ ಬರೋಣ. ಆಳದ ನೀರಿನಲ್ಲಿ ಹುಸಿಮೀನು ತಳ ಮುಟ್ಟಬೇಕಾದರೆ ಬಹುದೂರ ಎಸೆಯಬೇಕು. ಅಲ್ಲಿ ಏಳೂವರೆ ಅಡಿಯ, ಅದಕ್ಕೂ ಉದ್ದದ ರಾಡ್ ಬೇಕು. ದಡದ ನೀರಿನಲ್ಲಿ ದೂರಕ್ಕಿಂತ ಗುರಿ ಮುಖ್ಯ. ಟೆಕ್ಸಾಸಿನ ಲೇಕ್ ಫೋರ್ಕಿನಂಥ ಜಲಾಶಯಗಳಲ್ಲಿ ಮುಳುಗಿದ ಮರಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಬೇಸಿಗೆಗೆ ಮುಂಚೆ, ನೀರು ಬೆಚ್ಚಗಾಗತೊಡಗಿದಾಗ, ಮೊಟ್ಟೆಯಿಡುವ ಸಿದ್ಧತೆಯಲ್ಲಿರುವ ಬಾಸ್ ಈ ಮೋಟುಗಳ ಮಗ್ಗುಲಲ್ಲಿ ಬಂದು ನಿಲ್ಲುತ್ತವೆ. ಎಸೆದದ್ದು ಮೋಟಿನಿಂದ ಎರಡು ಮಾರು ಆಚೆ ಬಿದ್ದರೆ ಕೆಲಸಕ್ಕೆ ಬಾರದು. ಮೋಟನ್ನು ಸ್ವಲ್ಪ ದಾಟಿ ಬಿದ್ದು, ಎಳೆಯುವಾಗ ಅದನ್ನು ಬೇಕೆಂದೇ ಢಿಕ್ಕಿ ಹೊಡೆಯಬೇಕು. ಚೌಕಮೂತಿಯ ತಟ್ಟೆ ಲಾರಿಯ ಬಂಪರಿನ ಹಾಗೆ ಮೊದಲು ಏಟು ತಿನ್ನುತ್ತದೆ, ಹಿಂದಿರುವ ಕೊಕ್ಕೆಗಳು ಮರಕ್ಕೆ ಸಿಕ್ಕುವುದಿಲ್ಲ. ಹುಸಿಮೀನು ಪಕ್ಕಕ್ಕೆ ಚಿಮ್ಮುತ್ತದೆ. ಸುತ್ತುತ್ತಿದ್ದ ಕೈಯನ್ನು ಅಲ್ಲಿ ಒಂದು ಕ್ಷಣ ತಡೆದರೆ ಅದು ದಾರಿತಪ್ಪಿದ ಮರಿಮೀನಿನಂತೆ ಮೇಲೇಳತೊಡಗುತ್ತದೆ. ಬಾಸ್ ಎರಗುವುದು ಬಹುಪಾಲು ಆಗಲೇ.

ಈ ಢಿಕ್ಕಿಯಲ್ಲೂ ರಾಡಿನ ಬಳುಕು ಕೆಲಸಕ್ಕೆ ಬರುತ್ತದೆ. ಸೆಟೆದ ರಾಡು ತಟ್ಟೆ ಮರಕ್ಕೆ ತಾಗಿದ ಮೇಲೂ ಎಳೆಯುತ್ತಲೇ ಇದ್ದು ಕೊಕ್ಕೆಯನ್ನು ತೊಗಟೆಗೆ ಚುಚ್ಚಿಬಿಡುತ್ತದೆ. ಬಾಗುವ ರಾಡು ಆ ಏಟನ್ನು ತಾನು ನುಂಗಿಕೊಂಡು ಹುಸಿಮೀನಿಗೆ ಹೊರಳಿಕೊಳ್ಳಲು ಸಮಯ ಕೊಡುತ್ತದೆ. ಎಸೆಯುವಾಗಲೂ ಅಷ್ಟೇ. ಹತ್ತು ಗ್ರಾಮಿನ ಹುಸಿಮೀನನ್ನು ಬಿರುಸು ರಾಡಿನಿಂದ ಎಸೆಯಲು ತೋಳಿನ ಬಲ ಹಾಕಬೇಕು, ಬಲ ಹಾಕಿದಷ್ಟೂ ಗುರಿ ತಪ್ಪುತ್ತದೆ. ಬಳುಕುವ ರಾಡಿಗೆ ಮಣಿಕಟ್ಟಿನ ಒಂದು ತಿರುವು ಸಾಕು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಉದ್ದ ಆರೂವರೆಯಿಂದ ಏಳು ಅಡಿ. ಬಲ ಮೀಡಿಯಂ, ಮರಗಳು ದಟ್ಟವಾಗಿದ್ದರೆ ಮೀಡಿಯಂ ಹೆವಿ. ರಾಡಿನ ಮೇಲೆ ಬರೆದಿರುವುದರಲ್ಲಿ ಬಹಳ ಜನ ಗೊಂದಲಕ್ಕೆ ಬೀಳುವುದು ಇಲ್ಲೇ. ಪವರ್ ಎಂದು ಬರೆದದ್ದು ರಾಡನ್ನು ಬಾಗಿಸಲು ಎಷ್ಟು ಬಲ ಬೇಕು ಎಂಬುದನ್ನು ಹೇಳುತ್ತದೆ. ಆ್ಯಕ್ಷನ್ ಎಂಬುದು ಎಲ್ಲಿಂದ ಬಾಗುತ್ತದೆ ಎಂಬುದನ್ನು. ಫಾಸ್ಟ್ ಎಂದಿದ್ದರೆ ತುದಿಯ ಭಾಗವಷ್ಟೇ ಬಾಗುತ್ತದೆ, ಮಾಡರೇಟ್ ಎಂದಿದ್ದರೆ ನಡುವಿನವರೆಗೆ. ನಮಗೆ ಬೇಕಾದದ್ದು ಮಾಡರೇಟ್. ಪೂರ್ತಿ ಗಾಜಿನ ರಾಡ್ ದಿನವಿಡೀ ಎಸೆದರೆ ತೋಳು ಬೀಳಿಸುವಷ್ಟು ಭಾರ ಎನಿಸೀತು. ಹಾಗೆನಿಸುವವರಿಗೆ ಬೆರಕೆಯದು ಒಳ್ಳೆಯದು. ಮಾಡರೇಟ್ ಆಗಿ ಬಾಗುವಂತೆ ಮಾಡಿದ ಗ್ರ್ಯಾಫೈಟ್ ರಾಡುಗಳೂ ಈಗ ಸಿಗುತ್ತವೆ, ಅವನ್ನು ತಳ್ಳಿಹಾಕಬೇಕಿಲ್ಲ.

ದಾರದ ಬಗ್ಗೆ ಒಂದು ಮಾತು. ಹಿಗ್ಗದ ಹೆಣೆದ ದಾರ ಹಾಕಿದರೆ ರಾಡಿನಿಂದ ಗಳಿಸಿದ ಸಡಿಲನ್ನು ದಾರದಲ್ಲಿ ಕಳೆದುಕೊಂಡಂತೆ. ಹನ್ನೆರಡರಿಂದ ಹದಿನೇಳು ಪೌಂಡಿನ ಫ್ಲೋರೋಕಾರ್ಬನ್ ಅಥವಾ ನೈಲಾನ್ ದಾರ ಸಾಕು. ದಪ್ಪ ದಾರಕ್ಕೆ ನೀರಿನ ತಡೆ ಹೆಚ್ಚು, ಹುಸಿಮೀನು ಅಷ್ಟು ಆಳಕ್ಕಿಳಿಯುವುದಿಲ್ಲ. ಕಡಿಮೆ ನೀರಿನಲ್ಲಿ ಇದು ಅನುಕೂಲವೇ.

ಟೆಕ್ಸಾಸ್, ಜಾರ್ಜಿಯಾ, ಕ್ಯಾರೊಲೈನಾಗಳಲ್ಲಿ ನೆಲೆಸಿ, ಶನಿವಾರ ಮಕ್ಕಳನ್ನು ಕರೆದುಕೊಂಡು ಕೆರೆದಂಡೆಗೆ ಹೋಗುವ ಕನ್ನಡಿಗರಿದ್ದಾರೆ. ಅವರಲ್ಲಿ ನನ್ನದೊಂದು ಕೇಳಿಕೆ. ಅಂಗಡಿಯಲ್ಲಿ ರಾಡನ್ನು ಝಳಪಿಸಿ ನೋಡಿ ತೀರ್ಮಾನಿಸಬೇಡಿ. ಅಂಗಡಿಯವರನ್ನು ಕೇಳಿ, ಜೊತೆಗೆ ಬಂದವರಿಗೆ ತುದಿಯನ್ನು ಮೆತ್ತಗೆ ಹಿಡಿದುಕೊಳ್ಳಲು ಹೇಳಿ, ನೀವು ಹಿಡಿಯನ್ನು ನಿಧಾನವಾಗಿ ಮೇಲೆತ್ತಿ. ಬಾಗು ಎಲ್ಲಿಂದ ಶುರುವಾಗುತ್ತದೆ ಎಂದು ಕಣ್ಣಾರೆ ನೋಡಿ. ತುದಿಯಲ್ಲೇ ಮುಗಿದರೆ ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ನಡುವಿನವರೆಗೂ ಇಳಿದು ಬಂದರೆ ಅದನ್ನೇ ಕೊಳ್ಳಿ.