ಸಾಲಿನಲ್ಲಿ ನಿಂತವರ ಮುಖ

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಊರಿಗೆ ಬರುವ ಹೆಣ್ಣುಮಗಳು ಸುಂಕ ಕಟ್ಟದೆ ತರಬಹುದಾದ ಚಿನ್ನದ ಒಡವೆ 40 ಗ್ರಾಂ. ಗಂಡಸಿಗೆ 20. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಮಂದಿಗೆ ಈ ಲೆಕ್ಕ ಬಾಯಿಪಾಠ. ತಂಗಿಯ ಮದುವೆಗೆಂದು ಬಳೆ ಕೊಂಡವರು ಅಂಗಡಿಯ ಬಿಲ್ಲನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿರುತ್ತಾರೆ. ಕಸ್ಟಮ್ಸ್‌ನವರ ಮುಂದೆ ಹಾದುಹೋಗುವಾಗ, ತಪ್ಪೇನೂ ಮಾಡದಿದ್ದರೂ, ತಲೆ ತಗ್ಗಿಸಿಕೊಂಡು ಬೇಗಬೇಗ ಹೆಜ್ಜೆ ಹಾಕುತ್ತಾರೆ. 2025ರ ಮಾರ್ಚ್ 3ರಂದು ದುಬೈಯಿಂದ ಬೆಂಗಳೂರಿಗೆ ಬಂದಿಳಿದ ನಟಿಯೊಬ್ಬರನ್ನು ಕಂದಾಯ ಗುಪ್ತಚರ ನಿರ್ದೇಶನಾಲಯದವರು ಹಿಡಿದರು. ಅವರ ಬಳಿ ಸಿಕ್ಕಿದ್ದು 14.2 ಕಿಲೋ ಚಿನ್ನ ಎಂದು ಇಲಾಖೆ ಹೇಳಿತು.

ಆರೋಪ ನಿಜವೋ ಸುಳ್ಳೋ ಕೋರ್ಟು ತೀರ್ಮಾನಿಸಲಿ. ನನ್ನನ್ನು ಇವತ್ತಿಗೂ ಕಾಡುತ್ತಿರುವುದು ಆ ಚಿನ್ನ ಬಂದ ದಾರಿ. ಗಣ್ಯರಿಗೆಂದು ಇರುವ ಪೊಲೀಸ್ ಶಿಷ್ಟಾಚಾರದ ಸೌಲಭ್ಯ ಅವರಿಗೆ ಹೇಗೆ ಒದಗಿತು ಎಂದು ರಾಜ್ಯ ಸರ್ಕಾರವೇ ತನಿಖೆಗೆ ಆದೇಶಿಸಬೇಕಾಯಿತು. ಅಂದರೆ ನಾವೆಲ್ಲ ಕಾದು ನಿಂತಿರುವ ಅದೇ ಸೂರಿನ ಕೆಳಗೆ ಇನ್ನೊಂದು ದಾರಿ ಇದೆ. ಅದಕ್ಕೆ ಬಾಗಿಲಿದೆ, ಬಾಗಿಲು ತೆಗೆಯುವವರಿದ್ದಾರೆ, ಅವರ ಸಂಬಳ ಜನರ ತೆರಿಗೆಯಿಂದ ಹೋಗುತ್ತದೆ.

ಮಸ್ಕತ್‌ನಲ್ಲಿ ವರ್ಷಗಟ್ಟಲೆ ದುಡಿದವನು ನಾನು. ಅಲ್ಲಿ ಎಲ್ಲರೂ ಸಮಾನರು ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ಕಟ್ಟಡ ಕಟ್ಟುವವರ ಬದುಕು ಬೇರೆ, ಆ ಕಟ್ಟಡದಲ್ಲಿ ವಾಸಿಸುವವರ ಬದುಕು ಬೇರೆ. ವೀಸಾ ಪ್ರಾಯೋಜಕನ ಮರ್ಜಿಗೆ ಕಾದಿರುವ ಜೀವಗಳನ್ನು ಹತ್ತಿರದಿಂದ ಕಂಡಿದ್ದೇನೆ. ಆದರೂ ಅಲ್ಲಿನ ಯಾವ ಸಾಲಿನಲ್ಲೂ ನನಗೆ ಅವಮಾನವೆನಿಸಲಿಲ್ಲ. ನಾನು ಅಲ್ಲಿಗೆ ಹೋದದ್ದು ಕೆಲಸ ಕೇಳಿಕೊಂಡು, ಹಕ್ಕು ಕೇಳಿಕೊಂಡಲ್ಲ. ಊರಿನ ವಿಷಯ ಹಾಗಲ್ಲ. ಊರಿಗೆ ಬಂದವನಿಗೆ ಬಾಗಿಲಲ್ಲಿ ಯಾರೂ ಹಾರ ಹಾಕಬೇಕಿಲ್ಲ, ಆದರೆ ಈ ಮನೆಯವರ ಲೆಕ್ಕದಲ್ಲಿ ಅವನೂ ಇರಬೇಕು. ಅಲ್ಲಿ ಎಷ್ಟು ಹೊತ್ತು ಬೇಕಾದರೂ ತಾಳ್ಮೆಯಿಂದ ನಿಲ್ಲುವವನು ಇಲ್ಲಿ ಹತ್ತು ನಿಮಿಷಕ್ಕೆ ಸಿಡಿಮಿಡಿಗೊಳ್ಳುವುದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಟಿಕೆಟಿನ ಸಂಕಟವೂ ಇದರೊಳಗೇ ಬರುತ್ತದೆ. ಯುಎಇಯೊಂದರಲ್ಲೇ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಭಾರತ ಮತ್ತು ದುಬೈ ನಡುವೆ ವಾರಕ್ಕೆ ಇಂತಿಷ್ಟೇ ಸೀಟು ಎಂದು ಎರಡೂ ಕಡೆಯ ಸರ್ಕಾರಗಳು ಗೊತ್ತು ಮಾಡಿಕೊಂಡಿವೆ. ಒಂದೊಂದು ಕಡೆಯ ವಿಮಾನ ಸಂಸ್ಥೆಗಳಿಗೆ ಸುಮಾರು 66,000. 2014ರಲ್ಲಿ ಹಿಗ್ಗಿಸಿದ ಆ ಮಿತಿ ವರ್ಷಗಟ್ಟಲೆ ಹಾಗೇ ಉಳಿಯಿತು. ದರ ನಿಗದಿ ಸಂಸ್ಥೆಗಳಿಗೆ ಬಿಟ್ಟದ್ದು. ಶಾಲೆಗೆ ಬೇಸಿಗೆ ರಜೆ ಸಿಕ್ಕಿತೋ, ಹಬ್ಬ ಹತ್ತಿರ ಬಂತೋ, ದರ ಏರುತ್ತದೆ. ಇದನ್ನೆಲ್ಲ ಸಹಿಸಿಕೊಳ್ಳಬಹುದು, ಮೊದಲೇ ದುಡ್ಡು ಕೂಡಿಡಬಹುದು. ಆದರೆ ಅಪ್ಪ ತೀರಿಕೊಂಡ ಸುದ್ದಿ ಬಂದ ರಾತ್ರಿ ಫೋನಿನಲ್ಲಿ ಟಿಕೆಟ್ ಹುಡುಕುವವನ ಗತಿ ಬೇರೆ. ಅವನ ಎದುರು ಸೀಟಿನ ಬೆಲೆ ನೋಡುನೋಡುತ್ತಲೇ ಏರುತ್ತದೆ. ಅವನು ಮಗ ಎಂಬುದು ಆ ವ್ಯವಸ್ಥೆಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಈ ಸೀಟನ್ನು ಯಾರೋ ಬಹಳ ತುರ್ತಾಗಿ ಕೇಳುತ್ತಿದ್ದಾರೆ ಎಂಬುದಷ್ಟೆ.

2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ಅದರಲ್ಲಿದ್ದ ಹೆಚ್ಚಿನವರು ನಮ್ಮಂಥವರೇ; ರಜೆಗೆ, ಮದುವೆಗೆ, ಮಣ್ಣಿಗೆ ಎಂದು ಹೊರಟವರು. ಗುರುತು ಸಿಗದ ಕೆಲವು ದೇಹಗಳನ್ನು ಕೂಳೂರಿನಲ್ಲಿ ಹೊಳೆಯ ದಂಡೆಯ ಮೇಲೆ ಒಟ್ಟಿಗೆ ಮಣ್ಣು ಮಾಡಿದರು. ಕರಾವಳಿಯಲ್ಲಿ ಇವತ್ತಿಗೂ ಮಗನ ಬಟ್ಟೆಗಳನ್ನು ಮಡಿಸಿ ಇಟ್ಟುಕೊಂಡ ತಾಯಂದಿರಿದ್ದಾರೆ. ಸಾಮಾನ್ಯ ಪ್ರಯಾಣಿಕ ಎಂದು ಯಾರಾದರೂ ಅಂದಾಗ ನನ್ನ ಮನಸ್ಸಿಗೆ ಬರುವುದು ಅವರು.

ಸಾಮಾನ್ಯನಿಗೂ ಆಕಾಶದಲ್ಲಿ ಪಾಲಿದೆ ಎಂಬ ಮಾತು ಈ ನಾಡಿನಿಂದಲೇ ಹೊರಟಿತ್ತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ ಹುಬ್ಬಳ್ಳಿಯಂಥ ಊರುಗಳಿಗೆ ಸಣ್ಣ ವಿಮಾನ ಹಾರಿಸಿದರು. ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಕೊಟ್ಟರು. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಬರೆದ ಶ್ರೀಸಾಮಾನ್ಯ, ಚೌಕಳಿ ಕೋಟಿನ ಆ ಮುದುಕ, ಸಂಸ್ಥೆಯ ಲಾಂಛನವಾಗಿದ್ದ. ನಾಲ್ಕೈದು ವರ್ಷ ಕಳೆಯುವುದರೊಳಗೆ ಸಾಲದ ಭಾರಕ್ಕೆ ಬಸವಳಿದ ಆ ಸಂಸ್ಥೆ ವಿಜಯ್ ಮಲ್ಯರ ಕೈಗೆ ಬಂತು, ಕಿಂಗ್‌ಫಿಷರ್‌ನೊಳಗೆ ಕರಗಿತು. ಲಾಂಛನದ ಮುದುಕ ಇಳಿದುಹೋದ, ಒಡೆಯನ ಮುಖವೇ ಸಂಸ್ಥೆಯ ಮುಖವಾಯಿತು. 2012ರಲ್ಲಿ ಅದು ಹಾರಾಟ ನಿಲ್ಲಿಸಿದಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ. 2016ರ ಮಾರ್ಚ್‌ನಲ್ಲಿ ಒಡೆಯರು ಲಂಡನ್ನಿಗೆ ಹೋದರು. ಆಗ ಅವರು ಕರ್ನಾಟಕದಿಂದ ಆರಿಸಿಹೋದ ರಾಜ್ಯಸಭಾ ಸದಸ್ಯರೂ ಆಗಿದ್ದರು. ಅಗ್ಗದ ವಿಮಾನಯಾನದ ಲೆಕ್ಕಾಚಾರದಲ್ಲೂ ದೋಷಗಳಿದ್ದವು, ಸೋಲಿಗೆ ಒಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಮುಖದ ಆ ಬದಲಾವಣೆಯನ್ನು ನಾವು ಬೇಸರದಿಂದ ನೋಡಲಿಲ್ಲ. ಕಣ್ಣರಳಿಸಿ ನೋಡಿದೆವು, ಕಿಂಗ್‌ಫಿಷರ್ ಕ್ಯಾಲೆಂಡರ್ ತಂದು ಗೋಡೆಗೆ ಹಾಕಿದೆವು. ಶ್ರೀಸಾಮಾನ್ಯನ ಮುಖ ನೋಡಿ ನೋಡಿ ನಮಗೇ ಸಾಕಾಗಿತ್ತೋ ಏನೋ.

ನಮ್ಮ ವಿಮಾನ ನಿಲ್ದಾಣಗಳಲ್ಲಿ ಹತ್ತುವ ಮುಂಚಿನ ಭದ್ರತಾ ತಪಾಸಣೆಯಿಂದ ಯಾರಿಗೆ ವಿನಾಯಿತಿ ಎಂದು ಬರೆದ ಪಟ್ಟಿ ಇರುತ್ತದೆ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು, ದಲೈ ಲಾಮಾ, ಹೀಗೆ. ನಟ ಎಂಬ ಕಾರಣಕ್ಕೆ, ಆಟಗಾರ ಎಂಬ ಕಾರಣಕ್ಕೆ ಯಾರಿಗೂ ಅದರಲ್ಲಿ ಜಾಗವಿಲ್ಲ. ಕೆಂಪು ದೀಪದ ಕಾರುಗಳೂ 2017ರ ಮೇ 1ರಿಂದ ಹೋದವು. ಕಾಗದದ ಮೇಲೆ ನಮ್ಮ ಗಣರಾಜ್ಯ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಹಾಗಿದ್ದ ಮೇಲೆ ತಾರೆಗೆ ದಾರಿ ಬಿಡುವವರು ಯಾರು? ಬಾಗಿಲ ಬಳಿ ನಿಂತವನ ಮುಗುಳ್ನಗೆ, ಕೌಂಟರಿನ ಹುಡುಗಿಯ ಸಂಭ್ರಮ, ಸಾಲಿನಲ್ಲಿ ನಿಂತೇ ಮೊಬೈಲ್ ಎತ್ತಿ ಹಿಡಿದ ನಾವು. ಯಾರೂ ಆದೇಶ ಹೊರಡಿಸದೆ ಜನ ಎರಡು ಭಾಗವಾಗಿ ಸರಿಯುತ್ತಾರೆ. ಶಿಷ್ಟಾಚಾರದ ಸೌಲಭ್ಯವನ್ನು ಯಾರು, ಯಾರಿಗಾಗಿ, ಯಾವ ಕಾರಣಕ್ಕೆ ಬಳಸಿದರು ಎಂಬುದನ್ನು ಆ ಪಟ್ಟಿಯ ಪಕ್ಕದಲ್ಲೇ ಪ್ರಕಟಿಸಬೇಕು ಎಂದು ನಾನು ಕೇಳುತ್ತೇನೆ, ಕೇಳುತ್ತಲೇ ಇರುತ್ತೇನೆ. ಆದರೆ ನಮ್ಮ ಕಣ್ಣು ಕೊಡುವ ರಹದಾರಿಯನ್ನು ಯಾವ ದಫ್ತರದಲ್ಲಿ ಬರೆಯುವುದು?

ಈ ಕಣ್ಣಿನ ಮೂಲ ಬಹಳ ಹಿಂದಿನದು. ಗುಡಿಗೆ ಹೋಗುವವನು ದೇವರನ್ನು ನೋಡಲೆಂದಷ್ಟೇ ಹೋಗುವುದಿಲ್ಲ, ದೇವರ ನೋಟ ತನ್ನ ಮೇಲೆ ಬೀಳಲಿ ಎಂದೂ ಹೋಗುತ್ತಾನೆ. ಪಡಿತರದ ಅಂಗಡಿ, ಆಸ್ಪತ್ರೆ, ತಾಲ್ಲೂಕು ಕಚೇರಿ ಎಲ್ಲಿಯೂ ಯಾರೂ ತಲೆಯೆತ್ತಿ ನೋಡದೆ ಹೋದ ಒಬ್ಬ ಹುಡುಗ, ತನ್ನ ನೆಚ್ಚಿನ ನಟ ಕಾರಿನ ಕಿಟಕಿಯಿಂದ ಕೈಬೀಸಿದಾಗ ಅದು ತನಗೇ ಬೀಸಿದ್ದು ಎಂದು ನಂಬುತ್ತಾನೆ. ಆ ನಂಬಿಕೆಯನ್ನು ಹೀನಾಯ ಮಾಡುವ ಮನಸ್ಸು ನನಗಿಲ್ಲ. ಅದರ ಹಿಂದಿರುವ ಹಸಿವು ನಿಜವಾದದ್ದು. ಉಡುಪಿಯ ಕಥೆಯನ್ನು ನಾವೆಲ್ಲ ಅಜ್ಜಿಯ ಬಾಯಲ್ಲಿ ಕೇಳಿದವರು: ಒಳಗೆ ಬಿಡದ ಕನಕದಾಸರು ಗುಡಿಯ ಹಿಂದೆ ನಿಂತು ಹಾಡಿದರು, ಕೃಷ್ಣನೇ ಗೋಡೆಯ ಕಿಂಡಿಯತ್ತ ತಿರುಗಿದ. ಕಾಯುತ್ತಿರುವವನ ಕಡೆಗೆ ತಿರುಗುವುದು ದೊಡ್ಡವರ ಕೆಲಸ ಎಂದು ಆ ಕಥೆ ಕಟ್ಟಿದವರಿಗೆ ಗೊತ್ತಿತ್ತು. ನಾವು ಕಿಂಡಿಯನ್ನು ಉಳಿಸಿಕೊಂಡೆವು, ತಿರುಗುವ ಕೆಲಸವನ್ನು ಯಾರಿಂದಲೂ ಕೇಳದೆ ಬಿಟ್ಟೆವು.

ಕೊಲ್ಲಿಯ ಕನ್ನಡ ಸಂಘಗಳಲ್ಲೂ ಇದನ್ನು ಕಾಣುತ್ತೇನೆ. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ತಾರೆಯರು ಬರುತ್ತಾರೆ. ಅವರ ಟಿಕೆಟು, ಹೋಟೆಲು, ಓಡಾಟಕ್ಕೆಂದೇ ತಿಂಗಳುಗಟ್ಟಲೆ ಚಂದಾ ಎತ್ತುತ್ತಾರೆ. ಅವರು ಬಂದರೆ ಸಭಾಂಗಣ ತುಂಬುತ್ತದೆ ಎಂಬುದೂ ನಿಜ, ದೂರದಲ್ಲಿರುವವರಿಗೆ ಊರಿನ ಒಂದು ತುಣುಕು ಕಂಡಂತಾಗುತ್ತದೆ ಎಂಬುದೂ ನಿಜ. ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ, ಪ್ರತಿ ಶುಕ್ರವಾರ ಸಂಬಳವಿಲ್ಲದೆ ನಮ್ಮ ಮಕ್ಕಳಿಗೆ ಅ ಆ ಇ ಈ ಕಲಿಸುವ ಅಕ್ಕಂದಿರು ಕುಳಿತಿರುತ್ತಾರೆ. ಮಕ್ಕಳು ಕನ್ನಡ ಓದುವುದು ಇವರಿಂದಾಗಿ. ವೇದಿಕೆಯಿಂದ ಇವರ ಹೆಸರನ್ನು ಕೂಗಿ ಕರೆದದ್ದನ್ನು ನಾನು ನೋಡಿದ್ದು ಅಪರೂಪ.

ಅಭಿಮಾನವೆಲ್ಲ ಕೇಡು ಎಂದು ನಾನು ಹೇಳಲಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಹೊರಗೆ ಲಕ್ಷಾಂತರ ಜನ ಹಗಲು ರಾತ್ರಿ ನಿಂತರು. 2006ರಲ್ಲಿ ಅವರ ತಂದೆ ಹೋದ ದಿನ ನಗರ ಕಂಡ ಗಲಭೆ, ಸಾವು ಎಲ್ಲರಿಗೂ ನೆನಪಿತ್ತು. ಈ ಸಲ ಆಡಳಿತ ಮೊದಲೇ ಎಚ್ಚೆತ್ತಿತ್ತು. ಬಂದವರು ನೋಡಿಯೇ ಹೋಗುತ್ತಾರೆ ಎಂಬ ಲೆಕ್ಕದಲ್ಲಿ ದರ್ಶನದ ಅವಧಿಯನ್ನು ಹೆಚ್ಚಿಸಿತು. ಜನ ಅತ್ತರು, ಕಾದರು, ಸಾಲು ಮುರಿಯಲಿಲ್ಲ. ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ಆಮೇಲೆ ಎಷ್ಟೋ ಸಾವಿರ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಮಸ್ಕತ್‌ನ ನನ್ನ ಕೋಣೆಯಲ್ಲಿ ಕುಳಿತು ಆ ಸಾಲನ್ನು ಟಿವಿಯಲ್ಲಿ ನೋಡುತ್ತ, ಇವರು ನನ್ನ ಜನ ಎಂದು ಹೆಮ್ಮೆಪಟ್ಟಿದ್ದೆ.

2025ರ ಜೂನ್ 4ರಂದು ಬೆಂಗಳೂರಿನವರೇ ಮತ್ತೆ ಬೀದಿಗೆ ಬಂದರು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ಪು ಗೆದ್ದಿತ್ತು. ಆಟಗಾರರು ಹೆಚ್‌ಎಎಲ್ ನಿಲ್ದಾಣಕ್ಕೆ ಬಂದಿಳಿದರು. ಬರಮಾಡಿಕೊಳ್ಳಲು ಉಪಮುಖ್ಯಮಂತ್ರಿಗಳೇ ಹೋಗಿದ್ದರು. ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನವಾಯಿತು. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ, ಬನ್ನಿ ಎಂದು ಕರೆಸಿಕೊಂಡ ಜನ ಒಬ್ಬರ ಮೇಲೊಬ್ಬರು ಬಿದ್ದರು. ಹನ್ನೊಂದು ಮಂದಿ ಸತ್ತರು. ಒಳಗೆ ಸಮಾರಂಭ, ಚುಟುಕಾಗಿಯಾದರೂ, ನಡೆಯಿತು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ನಾಲ್ಕು ವರ್ಷದ ಹಿಂದೆ ತಾಳ್ಮೆಯಿಂದ ನಿಂತ ಊರಿಗೆ ಏಕಾಏಕಿ ಹುಚ್ಚು ಹಿಡಿಯಿತು ಎಂದರೆ ನಾನು ನಂಬುವುದಿಲ್ಲ. ಮೊದಲ ಸಲ ವ್ಯವಸ್ಥೆ ಹೊರಗೆ ನಿಂತವರನ್ನು ನೋಡಿತ್ತು, ಎರಡನೆಯ ಸಲ ಅದರ ಕಣ್ಣು ಒಳಗಿನವರ ಮೇಲೆ ನೆಟ್ಟಿತ್ತು.

ಈಗ ನಿಲ್ದಾಣಗಳಿಗೆ ಹೊಸ ಕಣ್ಣು ಬಂದಿದೆ. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಶುರುವಾದ ಡಿಜಿ ಯಾತ್ರಾದಲ್ಲಿ ಮುಖವೇ ಟಿಕೆಟು. ದೇಶದೊಳಗಿನ ಪ್ರಯಾಣಿಕರಿಗೆ ಮಾತ್ರ ಇದು. ಆಧಾರ್ ಇಲ್ಲದ ಅನಿವಾಸಿಗಳು ಅಲ್ಲೂ ಹಳೆಯ ಸಾಲಿನಲ್ಲೇ ನಿಲ್ಲುತ್ತಾರೆ. ಮುಖಗಳ ದತ್ತಾಂಶ ಎಲ್ಲಿ ಸೇರುತ್ತದೆ ಎಂಬ ಆತಂಕವೂ ನನಗಿದೆ. ಆದರೂ ಆ ಕ್ಯಾಮೆರಾದ ಒಂದು ಗುಣ ನನ್ನನ್ನು ತಡೆದು ನಿಲ್ಲಿಸುತ್ತದೆ. ಅದಕ್ಕೆ ಯಾರ ಅಭಿಮಾನವೂ ಇಲ್ಲ. ಮಾಲೂರಿನ ರೈತನ ಮುಖವನ್ನೂ ನಾಯಕನಟನ ಮುಖವನ್ನೂ ಒಂದೇ ರೀತಿ ಅಳೆದು ಗೇಟು ತೆರೆಯುತ್ತದೆ. ಮನುಷ್ಯರು ಕೊಡದ ಸಮಾನತೆಯನ್ನು ಯಂತ್ರ ಕೊಡುತ್ತಿದೆ ಎಂದು ಸಮಾಧಾನಪಡಲು ನನ್ನಿಂದಾಗದು. ಅದು ನಮ್ಮೆಲ್ಲರನ್ನೂ ಸಮಾನವಾಗಿ ಗುರುತಿಸುತ್ತದೆ, ಒಬ್ಬರನ್ನೂ ಅರಿಯುವುದಿಲ್ಲ. ಸಾಲಿನಲ್ಲಿ ಮಗುವನ್ನೆತ್ತಿಕೊಂಡು ನಿಂತ ತಾಯಿಯನ್ನು ಮುಂದೆ ಕರೆಯಬೇಕೆಂದು ಅದಕ್ಕೆ ತೋಚುವುದಿಲ್ಲ. ಅಪ್ಪನ ಮಣ್ಣಿಗೆ ಹೊರಟವನ ಕೆಂಪಾದ ಕಣ್ಣು ಅದಕ್ಕೆ ಏನನ್ನೂ ಹೇಳುವುದಿಲ್ಲ. ಸಾಲನ್ನು ಮುರಿಯಲು ನಿಜವಾಗಿ ಅರ್ಹರಾದವರು ಇಂಥವರು. ಅವರನ್ನು ಕಾಣಲು ಮನುಷ್ಯರ ಕಣ್ಣೇ ಬೇಕು, ಆ ಕಣ್ಣು ಬೇರೆ ಕಡೆ ತಿರುಗಿರುತ್ತದೆ.

2021ರ ಆಗಸ್ಟ್‌ನಲ್ಲಿ ಮುಂಬೈ ನಿಲ್ದಾಣದ ಬಾಗಿಲಲ್ಲಿ ಸಲ್ಮಾನ್ ಖಾನ್ ಅವರನ್ನು ಕೈಗಾರಿಕಾ ಭದ್ರತಾ ಪಡೆಯ ಅಧಿಕಾರಿಯೊಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಅವರು ಆ ಬಾಗಿಲಲ್ಲಿ ಎಲ್ಲರಿಗೂ ಮಾಡುವ ಕೆಲಸ ಅದು. ಆ ತುಣುಕು ದೇಶವೆಲ್ಲ ಓಡಾಡಿತು. ಅಧಿಕಾರಿಯನ್ನು ಶಿಕ್ಷಿಸಲಾಗಿದೆ ಎಂಬ ಗಾಳಿಸುದ್ದಿ ಹಬ್ಬಿತು. ಇಲ್ಲ, ಅವರಿಗೆ ಬಹುಮಾನ ಕೊಟ್ಟಿದ್ದೇವೆ ಎಂದು ಪಡೆಯೇ ಹೇಳಬೇಕಾಯಿತು. ಮಸ್ಕತ್‌ನ ಗೆಳೆಯರೆಲ್ಲ ಅವರ ಧೈರ್ಯವನ್ನು ಹೊಗಳಿದರು. ನಾನೂ ಹೊಗಳಿದೆ. ದಾಖಲೆ ತೋರಿಸಿ ಎನ್ನುವುದಕ್ಕೆ ಒಬ್ಬ ಸರ್ಕಾರಿ ನೌಕರನಿಗೆ ಧೈರ್ಯ ಬೇಕಾಗುವಂಥ ಕಾಲದಲ್ಲಿ ಇದ್ದೇವೆ ಎಂಬುದು ಆಮೇಲೆ ನನ್ನನ್ನು ಬಹಳ ದಿನ ನೋಯಿಸಿತು. ಆ ನಟರು ನಿಂತರು, ತಪಾಸಣೆ ಮುಗಿಸಿಕೊಂಡು ಒಳಗೆ ಹೋದರು. ಅವರ ಅಭಿಮಾನಿಗಳಲ್ಲಿ ಒಬ್ಬರೂ ಅವರನ್ನು ಬಿಟ್ಟುಹೋದಂತೆ ಕಾಣಲಿಲ್ಲ.