ಕಾವಲಿನ ಭಂಡಾರಿ



ಬಸವಣ್ಣನವರನ್ನು ನಾವು ಭಕ್ತಿಭಂಡಾರಿಗಳೆಂದು ಸ್ತುತಿಸುತ್ತೇವೆ. ಅವರು ಬಿಜ್ಜಳರಾಯನ ಹಣದ ಭಂಡಾರಕ್ಕೂ ಅಧಿಕಾರಿಗಳಾಗಿದ್ದರು. ಅರಮನೆಯ ಹೊನ್ನನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಕೊಂಡೆಯರು ದೂರಿದಾಗ ಅವರು ಲೆಕ್ಕವನ್ನೊಪ್ಪಿಸಿದರೆಂದೂ, ಅದರಲ್ಲಿ ಒಂದು ಹಣವೂ ಕೊರತೆಯಾಗಿರಲಿಲ್ಲವೆಂದೂ ಪುರಾಣಗಳು ಸಾರುತ್ತವೆ. ಇದನ್ನು ಪವಾಡವೆಂದು ಕೇಳಿ ಕೈಮುಗಿದು ಏಳುವವರೇ ಬಹಳ. ಭಂಡಾರಿಯಾದವನು ಕೇಳಿದಾಗ ಬೀಗ ತೆರೆದು ತೋರಬೇಕೆಂಬ ಧರ್ಮಸೂಕ್ಷ್ಮವನ್ನು ಗ್ರಹಿಸುವವರು ವಿರಳ.

ಈ ಸೂಕ್ಷ್ಮವು ನಮ್ಮ ಚಳ್ಳಕೆರೆಯ ಸೀಮೆಯಲ್ಲಿಯೇ ಒರೆಗೆ ಹತ್ತಿತು. ಕುದಾಪುರ, ವರವು, ದೊಡ್ಡ ಉಳ್ಳಾರ್ತಿಗಳ ಅಮೃತಮಹಲ್ ಕಾವಲುಗಳನ್ನು ನೋಡದವರಾರು? ಮೈಸೂರರಸರ ದನಗಳಿಗೆ ಮೀಸಲಾಗಿದ್ದ ಈ ಹುಲ್ಲುಗಾವಲುಗಳು, ಮಳೆಯೇ ಅಪರೂಪವಾದ ಈ ನಾಡಿನಲ್ಲಿ ಸುತ್ತಣ ಹಳ್ಳಿಗಳಿಗೂ ಆಧಾರವಾಗಿದ್ದವು. ಮ್ಯಾಸಬೇಡರ ದೇವರೆತ್ತುಗಳು ಮೇಯುತ್ತಿದ್ದುದು ಇಂಥ ನೆಲದಲ್ಲಿ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡುವ ಕುರಿಗಳು ಬೆಳೆದುದೂ ಇಲ್ಲಿಯೇ. 2008ರಿಂದೀಚೆಗಿನ ಕೆಲವೇ ವರ್ಷಗಳಲ್ಲಿ ಸರಕಾರವು ಇವುಗಳಲ್ಲಿ ಸುಮಾರು 10,000 ಎಕರೆಗಳನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಕಾರ್ಯಗಳಿಗೆ ಒಪ್ಪಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಗೋಡೆ ಎದ್ದಾಗಲೇ ನಮಗೆ ತಿಳಿದುದೆಂದು ಊರವರು ಹೇಳಿದರು. ಜನ ಸಮಿತಿ ಕಟ್ಟಿ ಧರಣಿ ಕುಳಿತರು. ವ್ಯಾಜ್ಯವು ಚೆನ್ನೈಯ ಹಸಿರು ನ್ಯಾಯಪೀಠದವರೆಗೆ ಹೋಯಿತು. 2014ರ ಆಗಸ್ಟಿನಲ್ಲಿ ತೀರ್ಪಾಯಿತು. 2017ರಲ್ಲಿ ವಿಮಾನ ಪರೀಕ್ಷೆಯ ನೆಲೆ ಉದ್ಘಾಟನೆಗೊಂಡಿತು.

ಆಗ ಒಂದೇ ಮನೆಯಲ್ಲಿ ಎರಡು ಮತಗಳಿದ್ದವು. ತಂದೆಗೆ ಕುರಿಯ ಚಿಂತೆ, ಮಗನಿಗೆ ನೌಕರಿಯ ಆಸೆ. ಇಬ್ಬರದೂ ಹೊಟ್ಟೆಯ ಮಾತೇ, ಯಾರನ್ನೂ ಹಳಿಯಲಾಗದು. ಅದು ಕುರಿಯವರ ಗೋಳು, ಹೊಲವಿದ್ದ ನಮಗೇನೆಂದು ಸುಮ್ಮನಿದ್ದ ಗೃಹಸ್ಥರು ಮಾತ್ರ ನಮ್ಮಲ್ಲಿಯೂ ಇದ್ದರು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಈ ಮಾತನ್ನು ಹೇಗಾದರೂ ಆಡಿದರೋ, ಶಿವನೇ ಬಲ್ಲ.

ಕಾವಲು ಅರಸರ ಕಾಲದಿಂದಲೂ ಸರಕಾರದ್ದೇ ಅಲ್ಲವೆ ಎಂದು ಕೆಲವರು ವಾದಿಸುತ್ತಾರೆ. ದಫ್ತರದಲ್ಲಿ ಹಾಗೆಯೇ ಇದ್ದೀತು. ಆದರೆ 'ಕಾವಲು' ಎಂಬ ಹೆಸರೇ ಕಾಯುವವನನ್ನು ಹೇಳುತ್ತದೆ, ಮಾರುವವನನ್ನಲ್ಲ. 2011ರ ಜನವರಿಯಲ್ಲಿ ಪಂಜಾಬಿನ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೂಡ ಊರೊಟ್ಟಿನ ನೆಲವನ್ನು ಊರಿಗೇ ಉಳಿಸಬೇಕೆಂದು ವಿಧಿಸಿತು. ವಿಜ್ಞಾನವು ಬೇಡವೆಂದು ನಾನು ಹೇಳಲಾರೆ. ದೇಶದ ರಕ್ಷಣೆಯೂ ಕಾಯಕವೇ. ಕೇಳಬೇಕಾದುದು ಎಷ್ಟು ಬೇಕೆಂಬುದನ್ನು. ಆಯ್ದಕ್ಕಿ ಮಾರಯ್ಯನವರು ಅಂದಿನ ದಾಸೋಹಕ್ಕೆ ಮಿಕ್ಕಿದ ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಮನೆಗೆ ಸೇರಿಸದೆ ಹಿಂದಿರುಗಿಸಿದರು. ಸಾವಿರಾರು ಎಕರೆಗಳನ್ನಳೆದು ಕೊಡುವಾಗ ಹಾಗೆ ಕೇಳುವವರೊಬ್ಬರು ವಿಧಾನಸೌಧದಲ್ಲಿರಬೇಕಾಗಿತ್ತು.

ಇನ್ನೊಂದು ಅತಿರೇಕವೂ ಉಂಟು: ಸರಕಾರವು ಯಾವುದಕ್ಕೂ ಕೈಹಾಕಬಾರದೆಂಬುದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ದುಡಿದವರಿಗೆ ದುಡಿದಷ್ಟು ಫಲವೆಂದು ಬೋಧಿಸಿ, ಜನರ ಕೈಯಿಂದಲೇ ಐದು ಕೆರೆಗಳನ್ನು ಕಟ್ಟಿಸಿದರೆಂಬ ಐತಿಹ್ಯ ಈ ಸೀಮೆಯಲ್ಲಿದೆ. ಊರು ಮಾಡಬಲ್ಲುದನ್ನು ಊರೇ ಮಾಡಿತು. ಆದರೆ ಭದ್ರೆಯ ನೀರನ್ನು ಬಯಲುಸೀಮೆಗೆ ಎತ್ತಿ ತರುವುದು ಯಾವ ಊರಿಗೂ ಯಾವ ಮಠಕ್ಕೂ ಸಾಧ್ಯವೆ? ಆ ಮೇಲ್ದಂಡೆ ಯೋಜನೆಗಾಗಿ ಜಿಲ್ಲೆಯ ರೈತರು ದಶಕಗಳಿಂದ ಹೋರಾಡಿದ್ದಾರೆ. 2023ರ ಕೇಂದ್ರ ಮುಂಗಡಪತ್ರವು 5,300 ಕೋಟಿ ರೂಪಾಯಿಗಳನ್ನು ಘೋಷಿಸಿತು. ಘೋಷಿಸಿದ ಹಣಕ್ಕಾಗಿ ರೈತರು ಮತ್ತೆ ಬೀದಿಗಿಳಿಯಬೇಕಾಯಿತು. ಕಾವಲಿನಲ್ಲಿ ಬೇಡವೆಂದವರೂ ನೀರಿಗೆ ಬೇಕೆಂದವರೂ ಒಬ್ಬರೇ. ಇದನ್ನು ವಿರೋಧಾಭಾಸವೆಂದು ನಗುವವರುಂಟು. ನನಗೆ ಹಾಗೆ ತೋರುವುದಿಲ್ಲ. ಇರುವುದನ್ನು ಕಾಯುವುದು, ಕೊಡಬೇಕಾದುದನ್ನು ಕೊಡುವುದು, ಎರಡೂ ಭಂಡಾರಿಯ ಕೆಲಸಗಳೇ. ಚಂದಾ ಎತ್ತುವ ಸಮಿತಿಗಳಿಗೂ ಇದೇ ನ್ಯಾಯವೆಂಬುದನ್ನು ಮುಖಂಡರು ಮರೆಯದಿರಲಿ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಗೋಮಾಳಗಳು ಇನ್ನೂ ಕೆಲವು ಉಳಿದಿವೆ. ಗ್ರಾಮಸಭೆಯ ದಿನ ನಮ್ಮ ಗೃಹಸ್ಥರು ಸಂತೆಗೆ ಹೋಗದೆ ಸಭೆಗೆ ಹೋಗಿ, ತಮ್ಮ ಊರಿನ ಗೋಮಾಳದ ಸರ್ವೆ ನಂಬರುಗಳನ್ನೂ ವಿಸ್ತೀರ್ಣವನ್ನೂ ಗಟ್ಟಿಯಾಗಿ ಓದಿಸಿ, ನಡಾವಳಿಯಲ್ಲಿ ಬರೆಯಿಸಬೇಕೆಂದು ಬಿನ್ನಹ. ಜೊತೆಯಲ್ಲಿ ಕುರಿ ಕಾಯುವವರನ್ನೂ ಕರೆದುಕೊಂಡು ಹೋಗಿರಿ. ಗಡಿಕಲ್ಲುಗಳು ಎಲ್ಲಿವೆಯೆಂಬುದನ್ನು ಶಾನುಭೋಗರ ಹಳೆಯ ಕಡತಕ್ಕಿಂತ ಅವರೇ ಚೆನ್ನಾಗಿ ಬಲ್ಲರು.